ಉಸಿರಿಗೆ ಮಿದುಳಿನ ಕಾವಲು

ಕೇಳುಗರಿಗೆ ನಮಸ್ಕಾರ. ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿ ದೇವಸ್ಥಾನದ ಮುಂದೆ ಏದುಸಿರು ಬಿಡುತ್ತಾ ನಿಂತವರು ‘ಇಲ್ಲಿ ಆಮ್ಲಜನಕ ಕಡಿಮೆ’ ಎನ್ನುವುದುಂಟು. ಮಾತು ಪೂರ್ತಿ ಸುಳ್ಳಲ್ಲ. ಸುಮಾರು 1,930 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ನಾಲ್ಕು ಪಾಲಿನಷ್ಟೇ. ಆದರೂ ಆ ಏದುಸಿರಿಗೆ ಮುಖ್ಯ ಕಾರಣ ಹತ್ತಿದ ಶ್ರಮ. ಕಾಲಿನ ಸ್ನಾಯುಗಳಿಗೆ ಅಪ್ಪಣೆ ಕೊಡುವಾಗಲೇ ಮಿದುಳು ಉಸಿರಾಟವನ್ನೂ ಚುರುಕುಗೊಳಿಸುತ್ತದೆ. ರಕ್ತದಲ್ಲಿನ ಅನಿಲಗಳ ಪ್ರಮಾಣ ಏರುಪೇರಾಗುವವರೆಗೆ ಅದು ಕಾಯುವುದಿಲ್ಲ.

ಉಸಿರಿನ ಲಯ ಹುಟ್ಟುವುದು ಮಿದುಳಿನ ಕಾಂಡದ ಕೆಳಭಾಗವಾದ ಮೆಡುಲ್ಲಾದಲ್ಲಿ. ಅಲ್ಲಿಯ ಕೆಲವು ನರಕೋಶಗಳು ಅಳೆಯುವುದು ಆಮ್ಲಜನಕವನ್ನಲ್ಲ, ಇಂಗಾಲದ ಡೈಆಕ್ಸೈಡನ್ನು. ರಕ್ತದಲ್ಲಿ ಈ ಅನಿಲ ಹೆಚ್ಚಿದರೆ ಅದು ಮಿದುಳಿನ ಸುತ್ತಲಿನ ದ್ರವಕ್ಕೆ ಸುಲಭವಾಗಿ ಇಳಿದು ಅದರ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ. ಒಡನೆಯೇ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆಗೂ ಪಕ್ಕೆಲುಬುಗಳ ಸ್ನಾಯುಗಳಿಗೂ ಆಜ್ಞೆ ಹೋಗಿ ಉಸಿರು ಆಳವಾಗುತ್ತದೆ. ಈಗಲೇ ಉಸಿರು ಬಿಗಿಹಿಡಿದು ನೋಡಿ: ಸ್ವಲ್ಪ ಹೊತ್ತಿಗೇ ವಪೆ ತಾನಾಗಿ ಎಳೆಯತೊಡಗುತ್ತದೆ, ರಕ್ತದ ಆಮ್ಲಜನಕ ತೋರಿಸಲು ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನ ಅಂಕಿ ಮಾತ್ರ ಆಗಲೂ ಹೆಚ್ಚೇನೂ ಇಳಿದಿರುವುದಿಲ್ಲ.

ಆಮ್ಲಜನಕಕ್ಕೂ ಕಾವಲುಗಾರರಿದ್ದಾರೆ. ಕತ್ತಿನ ದೊಡ್ಡ ಧಮನಿ ಕವಲೊಡೆಯುವಲ್ಲಿ, ಅಕ್ಕಿಕಾಳಿನಷ್ಟು ಪುಟ್ಟ ಗಂಟುಗಳು ರಕ್ತದ ಆಮ್ಲಜನಕವನ್ನು ಗಮನಿಸಿ ನರಗಳ ಮೂಲಕ ಮೆಡುಲ್ಲಾಕ್ಕೆ ಸುದ್ದಿ ಮುಟ್ಟಿಸುತ್ತವೆ. ಇಂಥ ಗ್ರಾಹಕಗಳ ಪಾತ್ರವನ್ನು ತೋರಿಸಿದ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್ ಅವರಿಗೆ 1938ನೇ ಸಾಲಿನ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಆಮ್ಲಜನಕ ಬಹಳಷ್ಟು ಕುಸಿಯುವವರೆಗೆ ಇವುಗಳ ಕೂಗು ಜೋರಾಗುವುದಿಲ್ಲ. ಕೋವಿಡ್ ಕಾಲದಲ್ಲಿ ಆಕ್ಸಿಮೀಟರ್ ಅಂಕಿ ತೀರಾ ಇಳಿದಿದ್ದರೂ ಕೆಲವು ರೋಗಿಗಳು ಆರಾಮವಾಗಿ ಮಾತನಾಡುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಈ ಏರ್ಪಾಡನ್ನು ತಿಳಿಯದೆ ಮೋಸಹೋಗುವವರು ನೀರಿಗಿಳಿಯುವ ಹುಡುಗರು. ಹೇಮಾವತಿಯ ಮಡುವಿನಲ್ಲೋ ತೋಟದ ಕೆರೆಯಲ್ಲೋ ಹೆಚ್ಚು ಹೊತ್ತು ಮುಳುಗಿರುವ ಪಂದ್ಯ ಕಟ್ಟಿ, ಮೊದಲು ದಡದಲ್ಲಿ ನಿಂತು ಜೋರಾಗಿ, ಬೇಗಬೇಗ ಉಸಿರಾಡುತ್ತಾರೆ. ಇದರಿಂದ ಆಮ್ಲಜನಕದ ದಾಸ್ತಾನು ಹೆಚ್ಚುವುದು ಅತ್ಯಲ್ಪ, ಏಕೆಂದರೆ ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಮೊದಲೇ ಬಹುಪಾಲು ತುಂಬಿರುತ್ತದೆ. ಖಾಲಿಯಾಗುವುದು ಇಂಗಾಲದ ಡೈಆಕ್ಸೈಡ್. ಮೇಲೇಳಬೇಕೆಂಬ ತವಕ ಹುಟ್ಟಿಸುವ ಸಂಕೇತವೇ ತಡವಾದಾಗ, ಅದು ಬರುವ ಮೊದಲೇ ಆಮ್ಲಜನಕ ಮುಗಿದು, ಒದ್ದಾಟವೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ದಡದಲ್ಲಿರುವವರು ಅವನಿನ್ನೂ ಪಂದ್ಯದಲ್ಲೇ ಇದ್ದಾನೆಂದು ಎಣಿಸುತ್ತಾ ಕುಳಿತಿರುತ್ತಾರೆ. ಆದ್ದರಿಂದ ಹಿರಿಯರು ಇಂಥ ಪಂದ್ಯವನ್ನೇ ತಡೆಯಬೇಕು. ಈಜು ಬಲ್ಲವನೆಂಬ ಧೈರ್ಯ ಇಲ್ಲಿ ಉಪಯೋಗಕ್ಕೆ ಬಾರದು.