ಪಟ್ಟಿಯಲ್ಲಿ ಹೆಸರಿಲ್ಲದ ಮಕ್ಕಳು: ಮಕ್ಕಳ ಪ್ರಾಯೋಜಕತ್ವದ ಮೌಲ್ಯಮಾಪನ ಕುರಿತು

ಮಾನ್ಯರೇ,

ದೂರದಲ್ಲಿರುವ ಒಬ್ಬರು ತಿಂಗಳು ತಿಂಗಳು ಇಂತಿಷ್ಟು ಹಣ ಕಳಿಸುತ್ತಾರೆ. ಬಡ ಕುಟುಂಬದ ಒಂದು ಮಗು ಆ ಹಣದ ಆಸರೆಯಲ್ಲಿ ಓದುತ್ತದೆ. ವರ್ಷಕ್ಕೊಮ್ಮೆ ಆ ಮಗುವಿನ ಭಾವಚಿತ್ರ, ಒಂದೆರಡು ಪತ್ರ, ಪ್ರಗತಿಯ ವರದಿ ದಾನಿಯ ಕೈ ಸೇರುತ್ತವೆ. ಮಕ್ಕಳ ಪ್ರಾಯೋಜಕತ್ವ ಎಂದು ನಾವು ಕರೆಯುವ ಏರ್ಪಾಡಿನ ಹೊರರೂಪ ಇಷ್ಟೇ. ಇದರಿಂದ ಆ ಮಗುವಿಗೆ, ಆ ಮನೆಗೆ, ಆ ಊರಿಗೆ ನಿಜವಾಗಿ ಏನಾಯಿತು ಎಂಬುದನ್ನು ತಿಳಿಯುವುದು ಹೇಗೆ ಎಂಬುದೇ ಇಂದಿನ ವಿಷಯ. ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಹಣ ಕೂಡಿಸುವುದು ಒಂದು ಮಗುವಿನ ಹೆಸರಿನಲ್ಲಿ. ಆದರೆ ಆ ಮಗು ಬದುಕುವುದು ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ನಡುವೆ. ಪಟ್ಟಿಯಲ್ಲಿ ಹೆಸರಿಲ್ಲದ ಆ ಮಕ್ಕಳನ್ನು ಮಾತನಾಡಿಸದೆ ಬರೆದ ಮೌಲ್ಯಮಾಪನ ಅರ್ಧ ಮೌಲ್ಯಮಾಪನವೇ ಸರಿ.

ಈ ಪದ್ಧತಿ ಬೆಳೆದದ್ದು ಯುದ್ಧಗಳ ನಡುವೆ. 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ನೆಲೆ ಕಳೆದುಕೊಂಡ ಮಕ್ಕಳಿಗಾಗಿ ಆರಂಭವಾದ ‘ಸಾಕು ತಂದೆತಾಯಿ’ ಯೋಜನೆಯೇ ಮುಂದೆ ಪ್ಲಾನ್ ಇಂಟರ್‌ನ್ಯಾಷನಲ್ ಆಯಿತು. 1950ರ ದಶಕದ ಮೊದಲ ವರ್ಷಗಳಲ್ಲಿ ಕೊರಿಯಾ ಯುದ್ಧದ ಅನಾಥ ಮಕ್ಕಳಿಗಾಗಿ ವರ್ಲ್ಡ್ ವಿಷನ್ ಮತ್ತು ಕಂಪ್ಯಾಷನ್ ಸಂಸ್ಥೆಗಳು ಇದೇ ದಾರಿ ಹಿಡಿದವು. ತಂದೆತಾಯಿಯಿಲ್ಲದ ಮಗುವಿಗೆ ದೂರದ ಒಬ್ಬ ಪೋಷಕ ಎಂಬ ಜೋಡಣೆಗೆ ಆಗ ಅರ್ಥವಿತ್ತು. ಕಾಲ ಸರಿದಂತೆ ತಂದೆತಾಯಿ ಇರುವ, ಒಡಹುಟ್ಟಿದವರಿರುವ ಮಕ್ಕಳೇ ಈ ಯೋಜನೆಗಳಲ್ಲಿ ಹೆಚ್ಚಾದರು. ಆದರೂ ಒಂದು ಮಗು, ಒಬ್ಬ ದಾನಿ ಎಂಬ ಅಚ್ಚು ಬದಲಾಗಲಿಲ್ಲ. ಅನಾಥ ಮಗುವಿನ ಅಳತೆಗೆ ಹೊಲಿದ ಅಂಗಿಯನ್ನು ಇಡೀ ಕುಟುಂಬಕ್ಕೆ ತೊಡಿಸಲು ಹೊರಟಂತಾಯಿತು. ಈ ಕಾರ್ಯಕ್ರಮಗಳ ಮೇಲಿನ ಬಹುಪಾಲು ಆಕ್ಷೇಪಗಳ ಬೇರು ಇಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಹಲವು ದಶಕಗಳ ಕಾಲ ಈ ಕಾರ್ಯಕ್ರಮಗಳ ಫಲಿತಾಂಶ ಎಂದರೆ ಗೆದ್ದ ಮಕ್ಕಳ ಕಥೆಗಳಷ್ಟೇ ಆಗಿದ್ದವು. ಪ್ರಾಯೋಜಕತ್ವ ಪಡೆದ ಹುಡುಗಿ ದಾದಿಯಾದಳು ಎಂದರೆ ನಮಗೆಲ್ಲ ಸಂತೋಷವೇ. ಆದರೆ ಅದು ಇಲ್ಲದಿದ್ದರೂ ಅವಳು ದಾದಿಯಾಗುತ್ತಿದ್ದಳೇ ಎಂಬ ಪ್ರಶ್ನೆಗೆ ಕಥೆ ಉತ್ತರ ಕೊಡುವುದಿಲ್ಲ. ಆ ಉತ್ತರಕ್ಕೆ ಹೋಲಿಕೆ ಬೇಕು. ಅಂಥ ಹೋಲಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಬ್ರೂಸ್ ವೈಡಿಕ್, ಪಾಲ್ ಗ್ಲೀವಿ ಮತ್ತು ಲೇನ್ ರಟ್ಲೆಜ್ ಎಂಬ ಅರ್ಥಶಾಸ್ತ್ರಜ್ಞರು. ಅವರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಉಗಾಂಡ, ಕೀನ್ಯಾ, ಭಾರತ, ಫಿಲಿಪ್ಪೀನ್ಸ್, ಗ್ವಾಟೆಮಾಲ, ಬೊಲಿವಿಯಾ ಎಂಬ ಆರು ದೇಶಗಳಲ್ಲಿ, ಬಾಲ್ಯದಲ್ಲಿ ಕಂಪ್ಯಾಷನ್ ಸಂಸ್ಥೆಯ ನೆರವು ಪಡೆದವರು ಮತ್ತು ಪಡೆಯದವರು ಸೇರಿ 10,144 ಮಂದಿಯ ವಿವರಗಳನ್ನು, ಅವರು ದೊಡ್ಡವರಾದ ಮೇಲೆ, ಕಲೆಹಾಕಲಾಯಿತು. ನೆರವು ಪಡೆದವರು ಸರಾಸರಿ 1.03ರಿಂದ 1.46 ವರ್ಷ ಹೆಚ್ಚು ಓದಿದ್ದರು. ಪ್ರೌಢಶಿಕ್ಷಣ ಮುಗಿಸುವವರ ಪ್ರಮಾಣ ಉಳಿದವರಲ್ಲಿ ಶೇ 44.5 ಇದ್ದರೆ, ಇವರಲ್ಲಿ ಅದಕ್ಕಿಂತ 12ರಿಂದ 18 ಶೇಕಡಾ ಅಂಶ ಹೆಚ್ಚಿತ್ತು. ಬಡತನ ನೀಗಿಸುವ ಕಾರ್ಯಕ್ರಮಗಳ ಅಧ್ಯಯನಗಳಲ್ಲಿ ಇಂಥ ಅಂಕಿಗಳು ಅಪರೂಪ. ಪ್ರಾಯೋಜಕತ್ವವನ್ನು ಬರಿಯ ಭಾವುಕತೆ ಎಂದು ತಳ್ಳಿಹಾಕುವವರು ಇವನ್ನು ಎದುರಿಸಲೇಬೇಕು.

ಆದರೆ ಈ ಹೋಲಿಕೆ ಸಾಧ್ಯವಾದದ್ದು ಹೇಗೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಯೋಜನೆ ಒಂದು ಊರಿಗೆ ಬಂದಾಗ ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಮಾತ್ರ ಪ್ರವೇಶವಿತ್ತು. ಹತ್ತು ವರ್ಷದ ತಂಗಿಗೆ ಅವಕಾಶ ಸಿಕ್ಕಿತು. ಹದಿಮೂರರ ಅಣ್ಣ ಹೊರಗುಳಿದ. ಒಂದೇ ಮನೆ, ಒಂದೇ ತಂದೆತಾಯಿ, ನಡುವೆ ಒಂದು ವಯಸ್ಸಿನ ಗೆರೆ. ಸಂಶೋಧಕರಿಗೆ ಸಿಕ್ಕ ಅತ್ಯುತ್ತಮ ಹೋಲಿಕೆ ಈ ಅಣ್ಣನೇ. ಅವನು ಹೊರಗುಳಿದದ್ದರಿಂದಲೇ ತಂಗಿಗೆ ಆದ ಲಾಭವನ್ನು ನಾವು ಅಳೆಯಬಲ್ಲೆವು. ನಮ್ಮ ಅತ್ಯಂತ ಗಟ್ಟಿಯಾದ ಪುರಾವೆಯೂ ಈ ಪದ್ಧತಿಯ ಅತ್ಯಂತ ನೋವಿನ ಜಾಗವೂ ಒಂದೇ ಕಡೆ ಇವೆ ಎಂಬ ಸಂಗತಿ ನನ್ನನ್ನು ಬಹಳ ಕಾಲ ಕಾಡಿದೆ. ಜೊತೆಗೆ ಒಂದು ಲೆಕ್ಕದ ತೊಡಕೂ ಇದೆ. ತಂಗಿಯ ಶುಲ್ಕ ಉಳಿದದ್ದರಿಂದ ಆ ದುಡ್ಡು ಅಣ್ಣನ ಓದಿಗೆ ಒದಗಿದ್ದರೆ, ಅಣ್ಣನೊಡನೆ ಮಾಡಿದ ಹೋಲಿಕೆ ಲಾಭವನ್ನು ಕಡಿಮೆ ತೋರಿಸುತ್ತದೆ. ತಂಗಿಗೆ ಬಿಡುವು ಸಿಗಲೆಂದು ಅಣ್ಣನನ್ನು ಕೂಲಿಗೆ ಕಳಿಸಿದ್ದರೆ ಹೆಚ್ಚು ತೋರಿಸುತ್ತದೆ. ಹಾಗಾಗಿ ಒಳ್ಳೆಯ ಅಧ್ಯಯನ ಒಡಹುಟ್ಟಿದವರ ಜೊತೆಗೆ, ಯೋಜನೆಯೇ ತಲುಪದ ಪಕ್ಕದ ಊರಿನ ಕುಟುಂಬಗಳನ್ನೂ ನೋಡಬೇಕಾಗುತ್ತದೆ. ಆರು ದೇಶಗಳ ಅಧ್ಯಯನ ಈ ಎಚ್ಚರ ವಹಿಸಿತ್ತು. ಸಂಸ್ಥೆಗಳು ತಾವೇ ಬರೆಸುವ ವರದಿಗಳಲ್ಲಿ ಈ ಎಚ್ಚರ ಕಾಣುವುದು ಕಡಿಮೆ.

ಮನೆಯೊಳಗೆ ನಡೆಯುವುದನ್ನು ಹಿಡಿಯಲು ದೊಡ್ಡ ಪ್ರಶ್ನೆಗಳಿಗಿಂತ ಸಣ್ಣ ಪ್ರಶ್ನೆಗಳೇ ಹೆಚ್ಚು ನೆರವಾಗುತ್ತವೆ. ನೆರವು ಪಡೆಯುವ ಮಗು ಶಾಲೆ ಬಿಟ್ಟ ಮೇಲೆ ಯೋಜನೆಯ ಕೇಂದ್ರಕ್ಕೆ ಹೋಗುವ ದಿನಗಳಲ್ಲಿ ನೀರು ತರುವವರು ಯಾರು, ಕೂಸನ್ನು ಎತ್ತಿಕೊಳ್ಳುವವರು ಯಾರು, ಸಂಜೆಯ ಅಡುಗೆಗೆ ತಾಯಿಯ ಜೊತೆ ಕೂರುವವರು ಯಾರು? ಹೆಚ್ಚಾಗಿ ಉತ್ತರ, ದೊಡ್ಡ ಹುಡುಗಿ. ದಾನಿಗೆ ಕಳಿಸುವ ಭಾವಚಿತ್ರ ತೆಗೆಯುವ ದಿನವನ್ನೇ ನೋಡಿ. ಒಂದು ಮಗುವಿಗೆ ತಲೆ ಬಾಚಿ, ಒಗೆದ ಅಂಗಿ ತೊಡಿಸಿ, ಗೋಡೆಯ ಮುಂದೆ ನಿಲ್ಲಿಸುತ್ತಾರೆ. ಪಕ್ಕಕ್ಕೆ ಬಂದು ನಿಂತ ತಮ್ಮನನ್ನು ಮೆಲ್ಲಗೆ ಬದಿಗೆ ಸರಿಸುತ್ತಾರೆ, ಏಕೆಂದರೆ ಅರ್ಜಿಯ ಸಂಖ್ಯೆ ಒಂದೇ ಮಗುವಿನದು. ಕ್ಷೇತ್ರ ಕಾರ್ಯಕರ್ತರಲ್ಲಿ ಇದಕ್ಕೆ ಮನಸ್ಸು ನೋಯದವರು ವಿರಳ. ಆದರೆ ಅವರ ಕೈಯಲ್ಲಿರುವ ನಮೂನೆಯಲ್ಲಿ ತಮ್ಮನಿಗೆ ಸಾಲು ಇಲ್ಲ.

ಸಿಕ್ಕಿದ್ದು ಸಮವಸ್ತ್ರವೋ ಸಂಬಂಧವೋ ಎಂಬುದನ್ನೂ ಬಿಡಿಸಿ ನೋಡಬೇಕು. ಕೀನ್ಯಾದ ಪಶ್ಚಿಮ ಭಾಗದಲ್ಲಿ ಪ್ರಾಯೋಜಕತ್ವದ ಕಾರ್ಯಕ್ರಮವೊಂದು ಲಾಟರಿ ಎತ್ತಿ ಮಕ್ಕಳಿಗೆ ಶಾಲಾ ಸಮವಸ್ತ್ರ ಕೊಟ್ಟಾಗ, ಗೈರುಹಾಜರಿ ಶೇ 37ರಷ್ಟು ಇಳಿಯಿತು. ಎಂಟು ವರ್ಷಗಳ ನಂತರ ಅದೇ ಮಕ್ಕಳನ್ನು ಹುಡುಕಿ ಕೇಳಿದಾಗ, ಎಷ್ಟನೆಯ ತರಗತಿಯವರೆಗೆ ಓದಿದರು ಎಂಬುದರಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಆರು ದೇಶಗಳ ಅಧ್ಯಯನದಲ್ಲಿ ಫಲ ಉಳಿಯಿತು, ಇಲ್ಲಿ ಉಳಿಯಲಿಲ್ಲ. ಅಲ್ಲಿ ಮಕ್ಕಳು ವರ್ಷಗಟ್ಟಲೆ ಕೇಂದ್ರಕ್ಕೆ ಹೋಗಿ ಪಾಠ, ಆರೋಗ್ಯ ತಪಾಸಣೆ, ಧಾರ್ಮಿಕ ಬೋಧನೆ ಇವೆಲ್ಲವನ್ನೂ ಪಡೆದಿದ್ದರು; ನೀನು ಏನಾಗಬೇಕೆಂದಿದ್ದೀಯೆ ಎಂದು ಅವರನ್ನು ಕೇಳುವವರಿದ್ದರು. ಅದೇ ಸಂಶೋಧಕರಲ್ಲಿ ಕೆಲವರು ಇಂಡೋನೇಷ್ಯಾದಲ್ಲಿ ಮಕ್ಕಳಿಂದ ಅವರವರ ಚಿತ್ರವನ್ನೇ ಬರೆಸಿ, ಬಾಯಿಯಿಲ್ಲದ ಮುಖ, ಕಣ್ಣೀರು, ಕುಗ್ಗಿದ ಆಕಾರ ಇಂಥ ಗುರುತುಗಳನ್ನು ಎಣಿಸಿದರು. ನೆರವು ಪಡೆಯುತ್ತಿದ್ದ ಮಕ್ಕಳ ಚಿತ್ರಗಳಲ್ಲಿ ಭರವಸೆಯ ಲಕ್ಷಣಗಳು ಹೆಚ್ಚಿದ್ದವು. ಚಿತ್ರದಿಂದ ಮನಸ್ಸನ್ನು ಓದುವುದರಲ್ಲಿ ತಪ್ಪುವ ಸಂಭವ ಇದ್ದೇ ಇದೆ. ಆದರೂ ಬಡತನ ಮಗುವಿನ ಕನಸಿನ ಅಳತೆಯನ್ನೇ ಕುಗ್ಗಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದ ಪ್ರಯತ್ನವಾಗಿ ಅದನ್ನು ನಾನು ಗೌರವಿಸುತ್ತೇನೆ.

ಊರಿನ ಮಟ್ಟಕ್ಕೆ ಬಂದರೆ ಚಿತ್ರ ಮತ್ತೆ ಬದಲಾಗುತ್ತದೆ. ಲಾಟರಿಯ ಸಮವಸ್ತ್ರಕ್ಕೂ ಮುಂಚೆ, 1990ರ ದಶಕದಲ್ಲಿ, ಕೀನ್ಯಾದ ಅದೇ ಪಶ್ಚಿಮ ಭಾಗದ ಕೆಲವು ಶಾಲೆಗಳಿಗೆ ಪ್ರಾಯೋಜಕತ್ವದ ಹಣದಿಂದ ಸಮವಸ್ತ್ರ, ಪಠ್ಯಪುಸ್ತಕ, ಹೊಸ ಕೊಠಡಿಗಳು ಬಂದವು. ಶಾಲೆ ಬಿಡುವವರು ಕಡಿಮೆಯಾದರು. ಆದರೆ ಸುತ್ತಲಿನ ಶಾಲೆಗಳ ಮಕ್ಕಳು ಈ ಶಾಲೆಗಳಿಗೆ ಬಂದು ಸೇರಿದ್ದರಿಂದ ತರಗತಿಗಳು ಕಿಕ್ಕಿರಿದವು. ಪರೀಕ್ಷೆಯ ಅಂಕಗಳಲ್ಲಿ ಏರಿಕೆ ಕಾಣಲಿಲ್ಲ. ನೆರವು ಬಂದ ಶಾಲೆಯನ್ನು ಮಾತ್ರ ಅಳೆದರೆ ದಾಖಲಾತಿಯ ಏರಿಕೆಯೇ ಯಶಸ್ಸಾಗಿ ಕಾಣುತ್ತದೆ. ಪಕ್ಕದ ಊರಿನಲ್ಲಿ ಖಾಲಿಯಾದ ಬೆಂಚುಗಳು ಯಾರ ವರದಿಗೂ ಸೇರುವುದಿಲ್ಲ.

ಹೀಗೆ ಮಗುವಿಗೂ ಮಗುವಿಗೂ ಭೇದವಾಗುವುದನ್ನು ತಪ್ಪಿಸಲು ಹಲವು ಸಂಸ್ಥೆಗಳು ಹಣವನ್ನೆಲ್ಲ ಒಟ್ಟುಗೂಡಿಸಿ ಕುಡಿಯುವ ನೀರು, ಶಾಲೆ, ಆರೋಗ್ಯಕ್ಕೆ ಖರ್ಚು ಮಾಡತೊಡಗಿದವು. ಅದು ಸರಿಯಾದ ಹೆಜ್ಜೆ. ಆದರೆ ಜಾಹೀರಾತಿನಲ್ಲಿ ಒಂದು ಮಗುವಿನ ಮುಖವೇ ಉಳಿಯಿತು. ನನ್ನ ಹಣ ಈ ಮಗುವಿಗೇ ಹೋಗುತ್ತಿದೆ ಎಂದು ದಾನಿ ನಂಬಿರುತ್ತಾರೆ, ಆದರೆ ಅದು ಕೊಳವೆಬಾವಿಗೆ ಹೋಗಿರುತ್ತದೆ. 1998ರಲ್ಲಿ ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯ ತನಿಖೆ, ಪ್ರಾಯೋಜಿತ ಮಕ್ಕಳಲ್ಲಿ ಕೆಲವರು ತೀರಿಕೊಂಡ ಮೇಲೂ ದಾನಿಗಳಿಂದ ಹಣ ಬರುತ್ತಲೇ ಇದ್ದುದನ್ನು ಬಯಲಿಗೆ ತಂದಿತು. ಹಣ ಎಲ್ಲಿಗೆ ಹೋಗುತ್ತದೆ ಎಂದು ದಾನಿಗೆ ನೇರವಾಗಿ ಹೇಳುವುದು ಕಷ್ಟವೇನಲ್ಲ. ಹಾಗೆ ಹೇಳಿದರೆ ದಾನ ಕಡಿಮೆಯಾದೀತು ಎಂಬ ಭಯಕ್ಕಾಗಿ ಮಗುವಿನ ಮುಖವನ್ನು ಮುಂದಿಡುವುದನ್ನು ನಾನು ಒಪ್ಪಲಾರೆ.

ನೆರವು ನಿಂತಾಗ ಏನಾಗುತ್ತದೆ ಎಂಬುದು ಮೌಲ್ಯಮಾಪನಗಳಲ್ಲಿ ಕಾಣದ ಅಧ್ಯಾಯ. ವಿದೇಶಿ ದೇಣಿಗೆಯ ನಿಯಮಗಳಡಿ ಹಣದ ಹರಿವು ತಡೆಯಲ್ಪಟ್ಟು, 2017ರ ಮಾರ್ಚ್‌ನಲ್ಲಿ ಕಂಪ್ಯಾಷನ್ ಭಾರತದ ತನ್ನ ಕೆಲಸ ಮುಚ್ಚಿದಾಗ ಅದರ ಪಟ್ಟಿಯಲ್ಲಿ ಸುಮಾರು 1.45 ಲಕ್ಷ ಮಕ್ಕಳಿದ್ದರು. ತೀರ್ಮಾನದ ಸರಿತಪ್ಪು ಬೇರೆ ಚರ್ಚೆ. ಮಗು ಪತ್ರ ಬರೆದು ಉತ್ತರಕ್ಕೆ ಕಾಯುವ ಸಂಬಂಧವನ್ನು ನಾವೇ ಕಟ್ಟಿದ ಮೇಲೆ, ಅದು ಕಡಿದುಹೋದಾಗ ಆ ಮನೆಯಲ್ಲಿ ಏನಾಯಿತೆಂದು ತಿಳಿಯುವ ಹೊಣೆಯೂ ನಮ್ಮದೇ. ದಾನಿಯೊಬ್ಬರು ನಡುವೆಯೇ ಹಣ ನಿಲ್ಲಿಸಿದಾಗಲೂ ಇದೇ ಪ್ರಶ್ನೆ ಏಳುತ್ತದೆ.

ಆದ್ದರಿಂದ ಮೌಲ್ಯಮಾಪನಕ್ಕೆ ಹೊರಡುವವರಲ್ಲಿ ನನ್ನ ಕೋರಿಕೆ ಇದು. ಮನೆಭೇಟಿಯ ನಮೂನೆಯಲ್ಲಿ ಪ್ರಾಯೋಜಿತ ಮಗುವಿನ ಹೆಸರಿನ ಕೆಳಗೆ ಆ ಮನೆಯ ಎಲ್ಲ ಮಕ್ಕಳಿಗೂ ಒಂದೊಂದು ಸಾಲು ಇಡಿ. ವಯಸ್ಸು, ತರಗತಿ, ನಿನ್ನೆ ಶಾಲೆಗೆ ಹೋಗಿದ್ದರೇ, ಶಾಲೆ ಬಿಟ್ಟ ಮೇಲೆ ಏನು ಕೆಲಸ ಮಾಡಿದರು, ಇಷ್ಟನ್ನು ಕೇಳಿ. ನೆರವು ನಿಂತ ಎರಡು ವರ್ಷಗಳ ನಂತರ ಅದೇ ಮನೆಗೆ ಇನ್ನೊಮ್ಮೆ ಹೋಗಿ. ಅಧ್ಯಯನ ಮುಗಿದ ಮೇಲೆ ಅದರ ಫಲಿತಾಂಶವನ್ನು ಊರಿನವರನ್ನು ಸೇರಿಸಿ ಅವರ ಭಾಷೆಯಲ್ಲಿ ಓದಿ ಹೇಳಿ; ಆ ದಿನ ಒಂದು ವರ್ಷದ ಅಂತರದಲ್ಲಿ ಅವಕಾಶ ಕೈತಪ್ಪಿದ ಅಣ್ಣಂದಿರನ್ನೂ ಅಕ್ಕಂದಿರನ್ನೂ ಹೆಸರು ಹಿಡಿದು ಕರೆಯಿರಿ. ಅವರ ಉತ್ತರಗಳಿಂದಲೇ ಆ ಅಧ್ಯಯನ ಸಾಧ್ಯವಾಗಿರುತ್ತದೆ.