ಗದರಿಸಿದ ಮೇಲೆ ಪ್ರವಾದಿ ಎಲ್ಲಿರುತ್ತಾನೆ?

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ಸಭಾಪಾಲಕರಿಗೆ, ಹಿರಿಯರಿಗೆ, ಬಾಗಿಲ ಹತ್ತಿರವೇ ಜಾಗ ಹಿಡಿದಿರುವ ಯೌವನಸ್ಥರಿಗೂ ವಂದನೆ.

ನನಗೆ ಕೊಟ್ಟ ವಿಷಯ, ಪ್ರವಾದನೆಯ, ಅಂದರೆ ದೇವರ ಮಾತನ್ನು ಜನರಿಗೆ ಹೇಳುವ, ಸೇವೆಯಲ್ಲಿ ಪ್ರೀತಿಯನ್ನೂ ಗದರಿಕೆಯನ್ನೂ ಹೇಗೆ ಜೊತೆಗಿಟ್ಟುಕೊಳ್ಳುವುದು ಅಂತ. ಈ ಮಾತು ಬಂದರೆ ಸಾಕು, ನಾವು ತಕ್ಕಡಿ ತಂದು ಇಡುತ್ತೇವೆ. ಒಂದು ತಟ್ಟೆಗೆ ಪ್ರೀತಿ, ಇನ್ನೊಂದಕ್ಕೆ ಖಂಡನೆ, ಒಂದು ಕಡೆ ಜಾಸ್ತಿ ಆದರೆ ಇನ್ನೊಂದು ಕಡೆ ಸ್ವಲ್ಪ ಹಾಕು. ನನಗೆ ಈ ಲೆಕ್ಕ ಒಪ್ಪಿಗೆಯಾಗಿಲ್ಲ. ಬೈಬಲಿನ ಪ್ರವಾದಿಗಳು ಹೀಗೆ ಅಳೆದು ಸುರಿದು ಮಾತಾಡಿದವರಲ್ಲ. ನಾನು ಅವರನ್ನು ಓದುವಾಗ ಕೇಳಿಕೊಳ್ಳುವ ಪ್ರಶ್ನೆ ಬೇರೆ. ಮಾತು ಮುಗಿಸಿದ ಮೇಲೆ ಈ ಮನುಷ್ಯ ಎಲ್ಲಿಗೆ ಹೋದ? ಅಲ್ಲೇ ಇದ್ದನಾ, ಎದ್ದು ಹೋದನಾ?

ಪ್ರವಾದಿ ನಾತಾನನ ವಿಷಯವನ್ನೇ ತೆಗೆದುಕೊಳ್ಳೋಣ. ಎರಡನೇ ಸಮುವೇಲ 12ನೇ ಅಧ್ಯಾಯ, ನಿಮಗೆಲ್ಲ ಗೊತ್ತಿರುವುದೇ. ರಾಜ ದಾವೀದ ಬತ್ಷೆಬೆಯನ್ನು ಕರೆಸಿಕೊಂಡ, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯಿಸಿದ. ಅರಮನೆಯ ಆಳುಗಳಿಗೆ ಗೊತ್ತಿತ್ತು, ಅವಳನ್ನು ಕರೆದುಕೊಂಡು ಬಂದವರೇ ಅವರು. ಸೇನಾಪತಿ ಯೋವಾಬನಿಗೆ ಗೊತ್ತಿತ್ತು, ರಾಜನ ಪತ್ರ ಅವನ ಕೈಗೇ ಬಂದಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಮಗು ಹುಟ್ಟಿತು. ಆಮೇಲೆ ದೇವರು ನಾತಾನನನ್ನು ಕಳುಹಿಸಿದ.

ನಾತಾನ ಹೋಗಿ ಕಥೆ ಹೇಳಿದ. ಬಡವನ ಹತ್ತಿರ ಒಂದೇ ಒಂದು ಕುರಿಮರಿ, ಅವನ ಮಕ್ಕಳ ಜೊತೆಗೇ ಬೆಳೆದದ್ದು, ಅವನ ತುತ್ತಲ್ಲೇ ತಿಂದು, ಅವನ ಬಟ್ಟಲಲ್ಲೇ ಕುಡಿದು, ಮಗಳ ಹಾಗೆ ಅವನ ಮಡಿಲಲ್ಲಿ ಮಲಗುತ್ತಿದ್ದದ್ದು. ಶ್ರೀಮಂತನ ಮನೆಗೆ ಯಾರೋ ಬಂದರು, ಅವನು ತನ್ನ ಹಿಂಡನ್ನು ಮುಟ್ಟದೆ ಬಡವನ ಮರಿಯನ್ನು ಹಿಡಿದು ಅಡುಗೆ ಮಾಡಿಸಿದ. ದಾವೀದನಿಗೆ ಸಿಟ್ಟು ಬಂತು. ಅಂಥವನು ಸಾಯಬೇಕು, ಒಂದಕ್ಕೆ ನಾಲ್ಕು ಕೊಡಬೇಕು ಅಂದ. ಕುರಿ ಕಾಯ್ದವನಲ್ವಾ, ಮರಿಯ ಬೆಲೆ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಗ ಬಂತು ಆ ಮಾತು: ನೀನೇ ಆ ಮನುಷ್ಯನು.

ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಜನ 'ಆಮೆನ್' ಅನ್ನುತ್ತಾರೆ, ಪ್ರವಾದಿ ಅಂದರೆ ಹೀಗಿರಬೇಕು ಅನ್ನುತ್ತಾರೆ. ಸ್ವಲ್ಪ ಮುಂದಕ್ಕೆ ಓದಿ. ದಾವೀದ ನೆಪ ಹೇಳದೆ ಪಾಪ ಮಾಡಿದ್ದೇನೆ ಅಂತ ಒಪ್ಪಿಕೊಂಡ ಕೂಡಲೇ, ಅದೇ ವಚನದಲ್ಲಿ, ಯೆಹೋವನು ನಿನ್ನ ಪಾಪವನ್ನು ತೆಗೆದುಹಾಕಿದ್ದಾನೆ, ನೀನು ಸಾಯುವುದಿಲ್ಲ ಅಂತ ನಾತಾನ ಹೇಳುತ್ತಾನೆ. ಕಾಯಿಸಲಿಲ್ಲ. ಇನ್ನೂ ಸ್ವಲ್ಪ ಅಳಲಿ, ಮಂಡಿಯೂರಲಿ, ಎಲ್ಲರ ಮುಂದೆ ಸಾಕ್ಷಿ ಹೇಳಲಿ ಅಂತ ನೋಡಲಿಲ್ಲ. ಆದರೆ ಪರಿಣಾಮವನ್ನೂ ಮುಚ್ಚಿಡಲಿಲ್ಲ. ಮಗು ಉಳಿಯುವುದಿಲ್ಲ, ಕತ್ತಿ ನಿನ್ನ ಮನೆ ಬಿಟ್ಟು ಹೋಗುವುದಿಲ್ಲ ಅಂದ. ಊರೀಯನ ಹೆಸರನ್ನು ರಾಜನ ಮುಖಕ್ಕೇ ಹೇಳಿದ.

ಇನ್ನೂ ಮುಂದೆ ಹೋಗಿ. ಆ ಮಗು ತೀರಿಹೋಯಿತು. ಆಮೇಲೆ ಸೊಲೊಮೋನ ಹುಟ್ಟಿದ. ದೇವರು ಆ ಕೂಸನ್ನು ಪ್ರೀತಿಸುತ್ತಾನೆ ಅನ್ನುವ ಸುದ್ದಿಯನ್ನು ಆ ಮನೆಗೆ ತಂದವನು ಯಾರು? ಅದೇ ನಾತಾನ. ಯೆದೀದ್ಯ, ಅಂದರೆ ಯೆಹೋವನಿಗೆ ಪ್ರಿಯ, ಅನ್ನುವ ಹೆಸರನ್ನು ಅವನೇ ಹೊತ್ತು ತಂದ. ಮಗು ಸಾಯುತ್ತದೆ ಅಂತ ಹೇಳಿದ ಬಾಯಲ್ಲೇ ಆ ಮನೆಯವರು ಈ ಮಾತನ್ನೂ ಕೇಳಿಸಿಕೊಂಡರು. ಎಷ್ಟೋ ವರ್ಷ ಕಳೆದು ದಾವೀದ ಹಾಸಿಗೆ ಹಿಡಿದಾಗ ಅವನ ಇನ್ನೊಬ್ಬ ಮಗ ಅದೋನೀಯ ಸಿಂಹಾಸನಕ್ಕೆ ಕೈಹಾಕಿದ. ಯೋವಾಬ ಅವನ ಕಡೆ ಸೇರಿಕೊಂಡ. ಆಗ ನಾತಾನ ಬತ್ಷೆಬೆಯ ಹತ್ತಿರ ಹೋಗಿ, ನಿನ್ನ ಪ್ರಾಣವೂ ನಿನ್ನ ಮಗನ ಪ್ರಾಣವೂ ಉಳಿಯಬೇಕಾದರೆ ಹೀಗೆ ಮಾಡು ಅಂತ ಬುದ್ಧಿ ಹೇಳಿದ. ಒಂದನೇ ಅರಸುಗಳು, ಮೊದಲನೇ ಅಧ್ಯಾಯ. ಅವತ್ತು ರಾಜನ ಎದುರು ಬಂದಾಗ ಅವನು ನೆಲದವರೆಗೂ ಬಗ್ಗಿ ನಮಸ್ಕರಿಸಿದ ಅಂತಲೂ ಬರೆದಿದೆ. 'ಇವನ ಗುಟ್ಟೆಲ್ಲ ನನಗೆ ಗೊತ್ತು' ಅನ್ನುವ ಗತ್ತು ಎಲ್ಲೂ ಕಾಣುವುದಿಲ್ಲ.

ನಾತಾನನ ಪ್ರೀತಿ ಅವನ ದನಿ ಮೆತ್ತಗಿತ್ತು ಅನ್ನುವುದರಲ್ಲಿ ಇಲ್ಲ. ಗದರಿಸಿದ ಮನೆಯನ್ನು ಅವನು ಕೈಬಿಡಲಿಲ್ಲ ಅನ್ನುವುದರಲ್ಲಿದೆ.

ಈಗ ಪ್ರವಾದಿ ಯೋನನನ್ನು ನೋಡಿ. ಯೋನ ಸುಳ್ಳು ಹೇಳಲಿಲ್ಲ. ನಲವತ್ತು ದಿನ ಆದಮೇಲೆ ನಿನೆವೆ ಪಟ್ಟಣ ನಾಶವಾಗುತ್ತದೆ ಅಂದ, ದೇವರು ಕೊಟ್ಟ ಮಾತನ್ನೇ ಹೇಳಿದ. ಆದರೆ ಹೇಳಿದವನು ಊರಾಚೆ ಪೂರ್ವ ದಿಕ್ಕಿಗೆ ಹೋಗಿ, ಒಂದು ಗುಡಿಸಲು ಹಾಕಿಕೊಂಡು, ಊರು ಏನಾಗುತ್ತೋ ನೋಡೋಣ ಅಂತ ಕೂತ. ಊರು ಉಳಿಯಿತು ಅಂತ ಸಿಟ್ಟು ಬೇರೆ! ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಜಾಸ್ತಿ ಜನ, ಜೊತೆಗೆ ಅಷ್ಟೊಂದು ದನಕರು, ನಾನು ಇವರಿಗಾಗಿ ಮರುಗಬಾರದಾ ಅಂತ ದೇವರೇ ಅವನನ್ನು ಕೇಳಬೇಕಾಯಿತು. ಆ ಪ್ರಶ್ನೆಯಲ್ಲೇ ಪುಸ್ತಕ ಮುಗಿಯುತ್ತದೆ. ಯೋನನ ಉತ್ತರ ಬರೆದಿಲ್ಲ.

ನನ್ನ ಭಯ ಇದು. ನಮ್ಮ ಸಭೆಗಳಲ್ಲಿ ಇವತ್ತು ನಾತಾನರಿಗಿಂತ ಯೋನರು ಜಾಸ್ತಿ. ಮೂರು ದಿನದ ಕೂಟ ಇರುತ್ತದೆ. ಹೊರಗಿನಿಂದ ಒಬ್ಬ ಸೇವಕರು ಬರುತ್ತಾರೆ, ಮೈಕ್ ಕೈಯಲ್ಲಿ, ಯೂಟ್ಯೂಬಿನಲ್ಲಿ ಲೈವ್ ಓಡುತ್ತಿರುತ್ತದೆ. ಮಕ್ಕಳಿಲ್ಲದ ಒಬ್ಬ ಅಕ್ಕನನ್ನು ಎಬ್ಬಿಸಿ ನಿಲ್ಲಿಸಿ, ನಿಮ್ಮ ಮನೆಯಲ್ಲಿ ಒಪ್ಪಿಕೊಳ್ಳದ ಪಾಪ ಇದೆ, ಅದಕ್ಕೇ ಗರ್ಭ ಮುಚ್ಚಿದೆ ಅನ್ನುತ್ತಾರೆ. ಕೂಟ ಮುಗಿಯುತ್ತದೆ, ಸೇವಕರು ರಾತ್ರಿ ಬಸ್ಸು ಹತ್ತುತ್ತಾರೆ. ಆ ಅಕ್ಕ ಮಾತ್ರ ಬೆಳಗ್ಗೆ ಅದೇ ಬೀದಿಯಲ್ಲಿ ನೀರಿಗೆ ಹೋಗಬೇಕು, ಅದೇ ಅತ್ತೆಯ ಮುಖ ನೋಡಬೇಕು, ಮುಂದಿನ ಭಾನುವಾರ ಅದೇ ಜನರ ಮಧ್ಯೆ ಕೂತುಕೊಳ್ಳಬೇಕು. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಯಾರ ಪಾಪ ಅಂತ ಕೇಳಿದಾಗ ಯೇಸು ಏನಂದ? ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಅಂದ. ಯೋಹಾನ 9ರಲ್ಲಿ ಅಷ್ಟು ಸ್ಪಷ್ಟವಾಗಿ ಇದ್ದರೂ ನಾವು ಆ ಪ್ರಶ್ನೆಯನ್ನು ಬಿಡುವುದಿಲ್ಲ.

ನಾತಾನ ಬಾಯಿ ತೆರೆದದ್ದು ಯಾರ ಎದುರು ಅಂತಲೂ ನೋಡಿ. ರಾಜನ ಎದುರು. ಒಂದು ಮಾತಿಗೆ ತಲೆ ತೆಗೆಸಬಲ್ಲವನ ಎದುರು. ನಮ್ಮಲ್ಲಿ ಖಂಡನೆ ಹೆಚ್ಚಾಗಿ ಹೋಗುವುದು ವಿಧವೆಯ ಕಡೆಗೆ, ಕೆಲಸ ಸಿಗದ ಹುಡುಗನ ಕಡೆಗೆ, ತಿರುಗಿ ಮಾತಾಡಲು ಆಗದವರ ಕಡೆಗೆ. ಸಭೆ ಕಟ್ಟಡಕ್ಕೆ ದೊಡ್ಡ ಮೊತ್ತ ಕೊಟ್ಟ ಅಣ್ಣನಿಗೆ ಬರುವುದು ಬರೀ ಆಶೀರ್ವಾದದ ಪ್ರವಾದನೆ. ಅವರ ಕಾರ್ಖಾನೆಯಲ್ಲಿ ಕೂಲಿ ಸರಿಯಾಗಿ ಕೊಡುತ್ತಾರಾ ಅಂತ ಆತ್ಮನು ಯಾವತ್ತೂ ಯಾರಿಗೂ ತೋರಿಸುವುದೇ ಇಲ್ಲ. ಆಶ್ಚರ್ಯ ಅಲ್ವಾ?

ಬರೀ ಸಿಹಿ ಮಾತಿನ ಪ್ರವಾದನೆ ಹೊಸದೇನಲ್ಲ. ಯೆರೆಮೀಯ 28ರಲ್ಲಿ ಹನನ್ಯ ಅನ್ನುವವನು ಬಂದು, ಎರಡೇ ವರ್ಷ, ಬಾಬೆಲಿನವರು ಹೊತ್ತೊಯ್ದ ದೇವಾಲಯದ ಪಾತ್ರೆಗಳೂ ಜನರೂ ವಾಪಸ್ ಬರುತ್ತಾರೆ ಅಂದ. ಪ್ರವಾದಿ ಯೆರೆಮೀಯನಿಗೆ ಗೊತ್ತಿದ್ದದ್ದು ಎಪ್ಪತ್ತು ವರ್ಷ. ಆದರೂ ಅವನ ಮೊದಲ ಪ್ರತಿಕ್ರಿಯೆ ಏನು ಗೊತ್ತಾ? ಆಮೆನ್, ಯೆಹೋವನು ಹಾಗೇ ಮಾಡಲಿ ಅಂದ. ತನ್ನ ಕಹಿ ಮಾತು ಸುಳ್ಳಾಗಿ ಅವನ ಸಿಹಿ ಮಾತು ನಿಜವಾದರೆ ಒಳ್ಳೆಯದೇ ಅಂತ ಅವನ ಮನಸ್ಸಿನಲ್ಲಿತ್ತು ಅಂತ ನಾನು ಓದುತ್ತೇನೆ. ಬಾಬೆಲಿನ ಅಧೀನಕ್ಕೆ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನು ಹನನ್ಯ ಕಿತ್ತು ಮುರಿದಾಗಲೂ ಅವನು ಸುಮ್ನೆ ತನ್ನ ದಾರಿ ಹಿಡಿದು ಹೋದ. ದೇವರು ಮತ್ತೆ ಮಾತು ಕೊಟ್ಟ ಮೇಲೆಯೇ ವಾಪಸ್ ಬಂದು, ನೀನು ಈ ಜನರನ್ನು ಸುಳ್ಳಿಗೆ ನಂಬಿಸಿದೆ ಅಂತ ನೇರವಾಗಿ ಹೇಳಿದ.

ಯೆರೆಮೀಯನೂ ಜನರನ್ನು ಬಿಟ್ಟು ಹೋದವನಲ್ಲ. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮ್ ಬಿತ್ತು. ಅವನು ಹೇಳಿದ್ದೇ ನಿಜವಾಯಿತು. ಬಾಬೆಲಿನ ದಳಪತಿ ಸರಪಳಿ ಬಿಚ್ಚಿ, ನನ್ನ ಜೊತೆ ಬಾ, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂದ. ಇವನು ಹೋಗಲಿಲ್ಲ. ತನ್ನ ಮಾತು ಕೇಳದೆ ಕೆಟ್ಟ ಜನರಲ್ಲಿ ಉಳಿದ ಬಡವರ ಜೊತೆಯಲ್ಲೇ ಉಳಿದ. ಆಮೇಲೂ ಅವರು ಅವನ ಮಾತು ಕೇಳಲಿಲ್ಲ, ಅವನನ್ನೂ ಎಳೆದುಕೊಂಡು ಐಗುಪ್ತಕ್ಕೆ ಹೋದರು. 'ನಾನು ಆಗಲೇ ಹೇಳಿರಲಿಲ್ಲವಾ' ಅನ್ನುವುದಕ್ಕೆ ಅವನಿಗಿಂತ ಹೆಚ್ಚು ಹಕ್ಕಿದ್ದವರು ಯಾರೂ ಇರಲಿಲ್ಲ.

ಇಲ್ಲಿ ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಪ್ರೀತಿ ಬಹು ಪಾಪಗಳನ್ನು ಮುಚ್ಚುತ್ತದೆ ಅನ್ನುವ ಪೇತ್ರನ ವಚನವನ್ನು ಅಪರಾಧ ಮುಚ್ಚುವುದಕ್ಕೆ ಬಳಸುವವರಿದ್ದಾರೆ. ಒಂದು ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಅದು ಪ್ರವಾದನೆಗೂ ಉಪವಾಸ ಪ್ರಾರ್ಥನೆಗೂ ಕಾಯುವ ವಿಷಯ ಅಲ್ಲ. ಮಕ್ಕಳನ್ನು ಅಂಥ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಶಿಕ್ಷೆಯಾಗುವ ತಪ್ಪು. ಪಾಸ್ಟರ್ ಆದರೂ ಅಷ್ಟೇ. ದಾವೀದನಿಗೆ ಕ್ಷಮೆ ಸಿಕ್ಕಿತು, ಸರಿ. ಆದರೆ ಮತ್ತಾಯ ಯೇಸುವಿನ ವಂಶಾವಳಿ ಬರೆಯುವಾಗಲೂ ಸೊಲೊಮೋನನ ತಾಯಿಯನ್ನು 'ಊರೀಯನ ಹೆಂಡತಿ' ಅಂತಲೇ ಬರೆದ. ಸತ್ತವನ ಹೆಸರನ್ನು ಯಾರೂ ಅಳಿಸಲಿಲ್ಲ.

ಎಲ್ಲರ ಮುಂದೆ ಹೇಳಬೇಕಾ, ಒಬ್ಬರೇ ಇರುವಾಗ ಹೇಳಬೇಕಾ ಅಂತ ಕೇಳುತ್ತೀರಿ. ಮತ್ತಾಯ 18 ಮೊದಲು ಒಬ್ಬನೇ ಇರುವಾಗ ಅನ್ನುತ್ತದೆ. ಅಂತಿಯೋಕ್ಯದಲ್ಲಿ ಪೌಲ ಪೇತ್ರನನ್ನು ಎಲ್ಲರ ಮುಂದೆಯೇ ಎದುರಿಸಿದ. ಯಾಕಂದರೆ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಊಟಕ್ಕೆ ಕೂರುತ್ತಿದ್ದವನು ಯೆರೂಸಲೇಮಿನವರು ಬಂದ ಕೂಡಲೇ ಹಿಂದೆ ಸರಿದದ್ದು ಎಲ್ಲರ ಕಣ್ಣೆದುರಿಗೇ, ಆ ಅನ್ಯಜನರಿಗೆ ಅವಮಾನ ಆದದ್ದೂ ಎಲ್ಲರ ಎದುರಿಗೇ. ಇನ್ನು ದೊಡ್ಡವರ ವಿಷಯ. ವಯಸ್ಸಾದವರನ್ನು ಗದರಿಸಬೇಡ, ತಂದೆ ಅಂತ ಎಣಿಸಿ ಹೇಳು, ವಯಸ್ಸಾದ ಹೆಂಗಸರನ್ನು ತಾಯಿ ಅಂತ ಎಣಿಸಿ ಹೇಳು ಅಂತ ತಿಮೊಥೆಯನಿಗೆ ಬರೆದಿದೆ. ವರ ಇದೆ ಅಂತ ಇಪ್ಪತ್ತೆರಡರ ಹುಡುಗ ಅಜ್ಜಿಯನ್ನು ಏಕವಚನದಲ್ಲಿ ಮಾತಾಡಿಸುವುದು ಯಾವ ಅಭಿಷೇಕವೂ ಅಲ್ಲ.

ನಾತಾನನೂ ಒಮ್ಮೆ ತಪ್ಪು ಹೇಳಿದ, ಗೊತ್ತಲ್ವಾ? ದಾವೀದ ದೇವಾಲಯ ಕಟ್ಟುತ್ತೇನೆ ಅಂದಾಗ, ನಿನ್ನ ಮನಸ್ಸಿನಲ್ಲಿ ಇರುವುದನ್ನು ಮಾಡು, ಯೆಹೋವನು ನಿನ್ನ ಸಂಗಡ ಇದ್ದಾನೆ ಅಂದುಬಿಟ್ಟ. ಅವತ್ತು ರಾತ್ರಿಯೇ ದೇವರು ಅವನನ್ನು ತಿದ್ದಿದ. ಅವನು ಮತ್ತೆ ರಾಜನ ಹತ್ತಿರ ಹೋಗಿ, ನೀನಲ್ಲ, ನಿನ್ನ ಮಗ ಕಟ್ಟುತ್ತಾನೆ ಅಂತ ಹೇಳಿದ. ಇದಾದ ಮೇಲೆಯೇ ಬತ್ಷೆಬೆಯ ವಿಷಯ ಬರುವುದು. ತನ್ನ ಮಾತನ್ನು ತಾನೇ ವಾಪಸ್ ತೆಗೆದುಕೊಂಡವನ ಬಾಯಲ್ಲಿ 'ನೀನೇ ಆ ಮನುಷ್ಯನು' ಅನ್ನುವುದಕ್ಕೆ ಬೇರೆಯೇ ತೂಕ ಇರುತ್ತದೆ. ಕೊರಿಂಥದವರಿಗೆ ಪೌಲ ಬರೆದದ್ದೂ ಇದೇ: ಇಬ್ಬರು ಮೂವರು ಪ್ರವಾದಿಸಲಿ, ಉಳಿದವರು ವಿವೇಚಿಸಲಿ. ಉಳಿದವರು ಅಂದರೆ ಯಾರು? ನಮ್ಮಲ್ಲಿ ಪ್ರವಾದಿಯನ್ನು ಪ್ರಶ್ನೆ ಕೇಳಿದವನನ್ನೇ ಪವಿತ್ರಾತ್ಮನಿಗೆ ವಿರೋಧಿ ಅಂತ ಕೂರಿಸಿಬಿಡುತ್ತಾರೆ.

ಆದಿಸಭೆಯಲ್ಲೂ ಊರೂರು ತಿರುಗುವ ಪ್ರವಾದಿಗಳಿಂದ ತಲೆನೋವಿತ್ತು. 'ದಿದಖೆ' ಅನ್ನುವ ಬಹಳ ಹಳೆಯ ಕೈಪಿಡಿಯೊಂದಿದೆ, ಅದರ ಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಆತ್ಮದಲ್ಲಿ ಮಾತಾಡುತ್ತಿದ್ದೇನೆ ಅಂತ ಹೇಳಿ ತನಗೆ ಹಣ ಕೇಳಿದರೆ ಅವನ ಮಾತು ಕೇಳಬೇಡಿ, ಕಷ್ಟದಲ್ಲಿರುವ ಬೇರೆಯವರಿಗಾಗಿ ಕೇಳಿದರೆ ಯಾರೂ ತೀರ್ಪು ಮಾಡಬೇಡಿ ಅನ್ನುತ್ತದೆ ಅದು. ಪ್ರವಾದಿಯನ್ನು ಅವನ ನಡತೆಯಿಂದ ಗುರುತಿಸಿ ಅಂತಲೂ ಹೇಳುತ್ತದೆ.

ಹಾಗಾದರೆ ತಿರುಗಾಡುವ ಸೇವೆ ಮಾಡುವವರು ಏನು ಮಾಡಬೇಕು, ಎಲ್ಲ ಊರಲ್ಲೂ ಉಳಿಯಲು ಆಗುತ್ತಾ? ಆಗುವುದಿಲ್ಲ, ನಿಜ. ಆದಿಸಭೆಯ ಪ್ರವಾದಿ ಅಗಬನೂ ತಿರುಗಾಡುವವನೇ. ಕ್ಷಾಮ ಬರುತ್ತದೆ ಅಂತ ಅವನು ಅಂತಿಯೋಕ್ಯದಲ್ಲಿ ಹೇಳಿದಾಗ ಅಲ್ಲಿಯ ಶಿಷ್ಯರು ತಮ್ಮ ತಮ್ಮ ಶಕ್ತಿ ಇದ್ದಷ್ಟು ಹಣ ಕೂಡಿಸಿ ಬಾರ್ನಬ ಮತ್ತು ಸೌಲನ, ಅಂದರೆ ಪೌಲನ, ಕೈಯಲ್ಲಿ ಯೂದಾಯದ ಹಿರಿಯರಿಗೆ ಕಳುಹಿಸಿದರು. ಮಾತನ್ನು ಸಭೆ ಕೈಗೆತ್ತಿಕೊಂಡಿತು. ಮುಂದೆ ಕೈಸರೈಯದಲ್ಲಿ ಪೌಲನ ನಡುಕಟ್ಟಿನಿಂದ ತನ್ನ ಕೈಕಾಲು ಕಟ್ಟಿಕೊಂಡು, ಯೆರೂಸಲೇಮಿನಲ್ಲಿ ನಿನ್ನನ್ನು ಹೀಗೆ ಕಟ್ಟುತ್ತಾರೆ ಅಂದ. ಪೌಲ ಆದರೂ ಹೊರಟ. ನನ್ನ ಪ್ರವಾದನೆಯನ್ನು ಮೀರಿದೆ, ಶಾಪ ತಗಲುತ್ತದೆ ಅಂತ ಅಗಬ ಅಂದದ್ದು ಎಲ್ಲೂ ಇಲ್ಲ.

ಅದಕ್ಕೇ ತಿರುಗಾಡುವ ಸೇವಕರಿಗೆ ನನ್ನ ವಿನಂತಿ. ಯಾರದ್ದಾದರೂ ಬಾಳಿನ ಬಗ್ಗೆ ಕಠಿಣವಾದ ಮಾತು ಬಂದರೆ ಮೈಕ್ ಕೆಳಗಿಡಿ, ಲೈವ್ ನಿಲ್ಲಿಸಿ. ಆ ಸಭೆಯ ಪಾಸ್ಟರನ್ನೋ ಹಿರಿಯರಾದ ಒಬ್ಬ ಅಮ್ಮನನ್ನೋ ಜೊತೆಗೆ ಕರೆದುಕೊಳ್ಳಿ. ನನಗೆ ಹೀಗನ್ನಿಸುತ್ತಿದೆ, ನೀವು ಪರೀಕ್ಷಿಸಿ ನೋಡಿ ಅಂತ ಹೇಳಿ. ನಿಮ್ಮ ಫೋನ್ ನಂಬರ್ ಕೊಟ್ಟು ಹೋಗಿ, ಅವರು ಫೋನ್ ಮಾಡಿದಾಗ ಎತ್ತಿ. ಮಾತು ತಪ್ಪಾಗಿದ್ದರೆ ಅದೇ ಸಭೆಗೆ ಬಂದು ಅದೇ ಜನರ ಮುಂದೆ ಹೇಳಿ. ಸಭಾಪಾಲಕರೇ, ಇಷ್ಟಕ್ಕೆ ಒಪ್ಪದವರನ್ನು ಕೂಟಕ್ಕೆ ಕರೆಯಬೇಡಿ, ಎಷ್ಟೇ ಜನ ಸೇರಲಿ. ನನ್ನ ಮಾತು ಇಷ್ಟು. ಈಗ ನೀವು ಕೇಳಿ, ಸಿಟ್ಟಿದ್ದರೆ ಸಿಟ್ಟಿನಲ್ಲೇ ಕೇಳಿ. ಊಟಕ್ಕೂ ನಾನು ಇಲ್ಲೇ ಇರುತ್ತೇನೆ.