ವಿಂಡೋಸ್ ಉಳಿಸಿಕೊಂಡೇ ಲಿನಕ್ಸ್ ಬಳಸಿ ನೋಡುವುದು

(ದೃಶ್ಯ: ಶಿರಸಿಯ ಮನೆಯೊಂದರ ಜಗಲಿ. ಹೊರಗೆ ಮಳೆ, ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್.)

ನಮಸ್ಕಾರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದಿದ್ದರೂ ಗಟ್ಟಿಮುಟ್ಟಾಗಿರುವ, ತೋಟದ ಲೆಕ್ಕವನ್ನೂ ಮಕ್ಕಳ ಫೋಟೋಗಳನ್ನೂ ತುಂಬಿಕೊಂಡಿರುವ ಲ್ಯಾಪ್‌ಟಾಪ್ ನಿಮ್ಮಲ್ಲಿದ್ದರೆ, ಅದರಲ್ಲಿ ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯನ್ನು ನೋಡಲು ವಿಂಡೋಸನ್ನು ಅಳಿಸಬೇಕಾಗಿಲ್ಲ.

(ಪರದೆಯಲ್ಲಿ: ಪೆನ್‌ಡ್ರೈವ್ ಸಿದ್ಧಪಡಿಸುವುದು.)

ಲಿನಕ್ಸ್‌ನ ಬಗೆಗಳಾದ ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನ ಐಎಸ್‌ಒ ಕಡತವನ್ನು (ಇಡೀ ವ್ಯವಸ್ಥೆ ಅಡಗಿರುವ ಒಂದೇ ಕಡತ) ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶ ಬಳಸಿ ಖಾಲಿ ಪೆನ್‌ಡ್ರೈವ್‌ಗೆ ಬರೆಯಿರಿ. ಅದರಿಂದ ಲ್ಯಾಪ್‌ಟಾಪ್ ಆರಂಭಿಸಿದರೆ ಲಿನಕ್ಸ್ ಪೆನ್‌ಡ್ರೈವ್ ಮತ್ತು ರ್‍ಯಾಮ್‌ನ ಬಲದಲ್ಲಿಯೇ ಓಡುತ್ತದೆ. ನೀವಾಗಿ ಕೈಹಾಕದ ಹೊರತು ಡಿಸ್ಕ್ ಇದ್ದ ಹಾಗೆಯೇ ಇರುತ್ತದೆ. ಈ ಹಂತದಲ್ಲಿ ಅವಸರ ಬೇಡ. ವೈಫೈ, ಧ್ವನಿ, ಪ್ರಿಂಟರ್, ಕನ್ನಡ ಕೀಲಿಮಣೆ ಎಲ್ಲವನ್ನೂ ಪರೀಕ್ಷಿಸಿ. ನುಡಿ ತಂತ್ರಾಂಶದಲ್ಲಿ ಬರೆದ ಹಳೆಯ ಕಡತಗಳನ್ನೂ ತೆರೆದು ನೋಡಿ: ಅವು ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಯೂನಿಕೋಡ್ ಅಕ್ಷರ ಸಂಕೇತದಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಕಡತ ಕೆಟ್ಟಿಲ್ಲ, ಆ ಫಾಂಟ್ ಅಲ್ಲಿಲ್ಲ, ಅಷ್ಟೇ.

(ದೃಶ್ಯ: ಚಾರ್ಜರ್ ಮತ್ತು ಹೊರಗಿನ ಹಾರ್ಡ್‌ಡಿಸ್ಕ್.)

ಲಿನಕ್ಸ್ ಹಿಡಿಸಿದರೆ ಅದನ್ನು ವಿಂಡೋಸ್ ಜೊತೆಗೇ ಡಿಸ್ಕ್‌ನಲ್ಲಿ ಅನುಸ್ಥಾಪಿಸಬಹುದು. ನಿಜವಾದ ಅಪಾಯ ಇರುವುದು ಅದಕ್ಕಾಗಿ ಡಿಸ್ಕ್‌ನಲ್ಲಿ ಜಾಗ ಬಿಡಿಸುವಾಗ. ಆ ಕೆಲಸದ ನಡುವೆ ಯಂತ್ರ ಆರಿದರೆ ಕಡತಗಳು ಹಾಳಾಗಬಹುದು. ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿರುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾಟರಿ ಸೋತಿರುವ ಲ್ಯಾಪ್‌ಟಾಪ್ ಆಗಿದ್ದರೆ ಮಳೆಗಾಲ ಕಳೆಯುವವರೆಗೆ ಪೆನ್‌ಡ್ರೈವ್‌ನಲ್ಲಿಯೇ ಬಳಸಿ ಎಂಬುದು ನನ್ನ ಸಲಹೆ.

ಮೊದಲು ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲಿಸಿ, ನಕಲು ತೆರೆದುಕೊಳ್ಳುತ್ತದೆಯೇ ಎಂದು ನೋಡಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಬೇಗ ಆರಂಭವಾಗಲೆಂದು ಪೂರ್ತಿ ಆರದಿರುವ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸಿ, ಅದರ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಸುಮಾರು 50 ಜಿಬಿ ಜಾಗ ಬಿಡಿಸಿ. ಅನುಸ್ಥಾಪನೆಯಲ್ಲಿ ವಿಂಡೋಸ್ ಜೊತೆಗೆ ಎಂಬ ಆಯ್ಕೆಯನ್ನೇ ಒತ್ತಿ. ಇಡೀ ಡಿಸ್ಕ್ ಅಳಿಸುವ ಆಯ್ಕೆಯೂ ಅದೇ ಪುಟದಲ್ಲಿರುತ್ತದೆ, ಆದ್ದರಿಂದ ಮುಂದುವರಿಯುವ ಮೊದಲು ಎರಡು ಬಾರಿ ಓದಿ.

ಮರಳಿ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಗಾಬರಿಯಾಗಬೇಡಿ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಲಿನಕ್ಸ್‌ಗೆ ಸ್ಥಳೀಯ ಸಮಯ ಬಳಸುವಂತೆ ಸೂಚಿಸಿದರೆ ಎರಡೂ ಒಂದೇ ಹೊತ್ತನ್ನು ತೋರಿಸುತ್ತವೆ.